ಅಟ್ಟದ ಕ್ಯಾಸೆಟ್ಟು, ಪಡಸಾಲೆಯ ಸ್ಪೀಕರು



ಅಟ್ಟ ಹತ್ತಿ ಹುಡುಕಿದರೆ ಒಂದಲ್ಲ ಒಂದು ಟ್ರಂಕಿನಲ್ಲಿ ಕ್ಯಾಸೆಟ್ಟುಗಳು ಸಿಗುವ ಮನೆಗಳು ನಮ್ಮಲ್ಲಿ ಇನ್ನೂ ಬಹಳ ಇವೆ. ಬೆಳಗಿನ ಸುಪ್ರಭಾತ. 1978ರಲ್ಲಿ ಬಂದ ‘ನಿತ್ಯೋತ್ಸವ’. ಅರ್ಥಧಾರಿ ಶೇಣಿಯವರ ತಾಳಮದ್ದಳೆಯ ಕಟ್ಟು. ಬೆಂಗಳೂರಿನ ಚಾಮರಾಜಪೇಟೆಯ ರಾಮೋತ್ಸವದಲ್ಲಿ ಯಾರೋ ಚಿಕ್ಕಪ್ಪ ಟೇಪ್‌ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿದ ಕಛೇರಿ. ಟೂ-ಇನ್-ಒನ್‌ನ ಕೆಂಪು ಗುಂಡಿ ಒತ್ತಿ ಆಕಾಶವಾಣಿಯಿಂದ ತುಂಬಿಕೊಂಡ ಭಾವಗೀತೆಗಳು. ಮದುವೆ ಮನೆಯಲ್ಲಿ ಅಜ್ಜಿ ಹೇಳಿದ ಹಸೆ ಹಾಡು. ಪಕ್ಕದಲ್ಲೇ ಒಂದಿಷ್ಟು ಸಿ.ಡಿ., ಮಗನ ಹಳೆಯ ಲ್ಯಾಪ್‌ಟಾಪಿನಲ್ಲಿ ಸಾವಿರಾರು ಎಂಪಿ3. ಇತ್ತ ಕೆಳಗೆ ಪಡಸಾಲೆಯಲ್ಲಿ ತಂತಿಯಿಲ್ಲದ ಹೊಸ ಸ್ಪೀಕರ್ ಕೂತಿದೆ. ಯಾವ ಸಿನಿಮಾ ಹಾಡು ಕೇಳಿದರೂ ಕ್ಷಣದಲ್ಲಿ ಹಾಡುತ್ತದೆ. ಅಜ್ಜಿಯ ಹಾಡು ಮಾತ್ರ ಅದಕ್ಕೆ ಗೊತ್ತಿಲ್ಲ.

ಅಟ್ಟದ ಮೇಲಿನದು ಪಡಸಾಲೆಯಲ್ಲಿ ಕೇಳಬೇಕಾದರೆ ಏನೇನು ಆಗಬೇಕು ಎಂಬುದು ಇಂದಿನ ಮಾತು. ಸ್ಪೀಕರ್ ಯಾವ ಕಂಪನಿಯದು ಕೊಳ್ಳಬೇಕೆಂದು ಹೇಳಲು ನಾನು ಬಂದಿಲ್ಲ. ಸ್ಪೀಕರಿನ ವಿಷಯ ಕೊನೆಗೆ ಬರುತ್ತದೆ; ಬರಬೇಕಾದದ್ದೂ ಕೊನೆಗೇ.

ಎಲ್ಲ ಹಾಡೂ ಆನ್‌ಲೈನಿನಲ್ಲಿ ಸಿಗುವಾಗ ಈ ಉಸಾಬರಿ ಯಾಕೆ ಎಂದು ಕೇಳಬಹುದು. ಮೊದಲನೆಯದಾಗಿ, ಎಲ್ಲವೂ ಸಿಗುವುದಿಲ್ಲ. ರಾಮೋತ್ಸವದ ಆ ಕಛೇರಿ, ಹಸೆ ಹಾಡು, ಎಂದೋ ಅಂಗಡಿ ಮುಚ್ಚಿದ ಕ್ಯಾಸೆಟ್ ಕಂಪನಿಯ ದಾಸರ ಪದಗಳು ಯಾವ ಆ್ಯಪಿನಲ್ಲೂ ಇಲ್ಲ. ಎರಡನೆಯದಾಗಿ, ಸಿಕ್ಕಿದ್ದು ಉಳಿಯುವ ಖಾತ್ರಿಯಿಲ್ಲ. 2024ರ ಜನವರಿಯಲ್ಲಿ ರೆಸ್ಸೋ ಎಂಬ ಸಂಗೀತ ಸೇವೆ ಭಾರತದಿಂದ ಹೊರಟಿತು. ಅದೇ ವರ್ಷ ಏರ್‌ಟೆಲ್‌ನವರ ವಿಂಕ್ ಮ್ಯೂಸಿಕ್ ಮುಚ್ಚಿತು. ಅಲ್ಲಿ ವರ್ಷಗಟ್ಟಲೆ ಕೂತು ಪಟ್ಟಿ ಮಾಡಿಕೊಂಡವರು ಬೇರೆ ಕಡೆ ಹೋಗಿ ಮತ್ತೆ ಮೊದಲಿನಿಂದ ಶುರುಮಾಡಿದರು. ಹಕ್ಕುದಾರರಿಗೂ ಸೇವೆ ನಡೆಸುವವರಿಗೂ ಜಗಳ ಬಂದರೆ, ನಿನ್ನೆ ಇದ್ದ ಹಾಡು ಇವತ್ತು ಬೂದು ಬಣ್ಣಕ್ಕೆ ತಿರುಗಿ ಕೂತಿರುತ್ತದೆ. ತಿಂಗಳ ಬಾಡಿಗೆ ಕಟ್ಟುವವರು ಇದಕ್ಕೆ ತಕರಾರು ತೆಗೆಯುವಂತಿಲ್ಲ. ಒಪ್ಪಂದದಲ್ಲಿ ಹಾಗೇ ಬರೆದಿರುತ್ತದೆ, ನಾವು ಓದಿರುವುದಿಲ್ಲ.

ಕಾನೂನಿನ ಮಾತು ಎರಡೇ ವಾಕ್ಯದಲ್ಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಖಾಸಗಿ ಬಳಕೆಗೆಂದು ನ್ಯಾಯವಾಗಿ ಮಾಡುವ ಕೆಲಸಕ್ಕೆ ಜಾಗ ಬಿಟ್ಟಿದೆ. ಕೊಂಡದ್ದನ್ನು ಮನೆಯೊಳಗೆ ಕೇಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ.

ಈಗ ಟ್ರಂಕನ್ನು ಕೆಳಗಿಳಿಸೋಣ. ಸಿ.ಡಿ. ಸುಲಭ: ಕಂಪ್ಯೂಟರಿಗೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಫೈಲಾಗುತ್ತದೆ. ಕ್ಯಾಸೆಟ್ಟಿಗೆ ಅಂಥ ಅಡ್ಡದಾರಿ ಇಲ್ಲ. ಅರ್ಧ ಗಂಟೆಯ ಒಂದು ಮೈಗೆ ಅರ್ಧ ಗಂಟೆ ಕೂರಲೇಬೇಕು. ನೂರು ಕ್ಯಾಸೆಟ್ ಎಂದರೆ ನೂರಕ್ಕೂ ಮಿಕ್ಕಿ ಗಂಟೆ. ಇದನ್ನು ಒಂದೇ ಬೇಸಿಗೆ ರಜೆಯಲ್ಲಿ ಮುಗಿಸುತ್ತೇನೆಂದು ಹೊರಡುವವರು ಸಾಮಾನ್ಯವಾಗಿ ಹತ್ತನೆಯ ಕ್ಯಾಸೆಟ್ಟಿಗೆ ನಿಲ್ಲಿಸುತ್ತಾರೆ. ಕೇಳುತ್ತಾ ಮಾಡಿದರೆ ಕೆಲಸ ಸಾಗುತ್ತದೆ.

ಮಳೆಗಾಲದಲ್ಲಿ ಬೂಸ್ಟು ಹಿಡಿದ ಟೇಪನ್ನು ನೇರವಾಗಿ ಡೆಕ್ಕಿಗೆ ಹಾಕಬೇಡಿ. ಬಿಳಿಯ ಪುಡಿ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಚೆನ್ನಾಗಿರುವ ಟೇಪನ್ನೂ ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಹಾಕಿ. ವರ್ಷಗಟ್ಟಲೆ ಒಂದೇ ಬಿಗಿಯಲ್ಲಿ ಕೂತ ಸುರುಳಿ ಸಡಿಲಗೊಳ್ಳಲಿ. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಡೆಕ್ಕಿನ ಹಿಂದಿನ ಕೆಂಪು-ಬಿಳಿ ಪಿನ್ನುಗಳಿಂದ ಕಂಪ್ಯೂಟರಿನ ಯುಎಸ್‌ಬಿಗೆ ಒಂದು ಚಿಕ್ಕ ಡಬ್ಬಿ ಬೇಕು. ಧ್ವನಿಯನ್ನು ಹಿಡಿದು ತುಂಡರಿಸಲು ಆಡಾಸಿಟಿ ಎಂಬ ತಂತ್ರಾಂಶ 2000ದಿಂದ ಉಚಿತವಾಗಿ ಸಿಗುತ್ತಿದೆ.

ಇದಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ಎಷ್ಟೋ ಜನ ಗಮನಿಸುವುದಿಲ್ಲ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಹಳೆಯ ಡೆಕ್ಕಿನ ರಬ್ಬರ್ ಬೆಲ್ಟು ಸಡಿಲವಾಗಿದ್ದರೆ ಅಥವಾ ಮೋಟರಿನ ಸ್ಕ್ರೂ ಯಾರಾದರೂ ತಿರುಗಿಸಿದ್ದರೆ ವೇಗ ಬದಲಾಗುತ್ತದೆ, ವೇಗದ ಜೊತೆ ಶ್ರುತಿಯೂ ಬದಲಾಗುತ್ತದೆ. ನೂರಕ್ಕೆ ಆರರಷ್ಟು ವೇಗ ಹೆಚ್ಚಾದರೆ ಸಾಕು, ಒಂದು ಮನೆ ಶ್ರುತಿಯಲ್ಲಿ ಹಾಡಿದವರು ಒಂದೂವರೆ ಮನೆಗೆ ಏರಿರುತ್ತಾರೆ. ವಿದ್ವಾಂಸರ ಧ್ವನಿ ಸ್ವಲ್ಪ ಎಳಸಾಗಿ, ತಾನಗಳು ಸ್ವಲ್ಪ ಚುರುಕಾಗಿ ಕೇಳುತ್ತವೆ. ಕೇಳುವವರು ಮೆಚ್ಚಿಕೊಳ್ಳಲೂಬಹುದು! ಆ ಗಾಯಕರ ಶ್ರುತಿ ಗೊತ್ತಿರುವವರು ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಒಮ್ಮೆ ಹೋಲಿಸಿದರೆ ಸಾಕು, ಆಡಾಸಿಟಿಯಲ್ಲೇ ವೇಗ ಸರಿಪಡಿಸಬಹುದು. ಇಲ್ಲಿ ಕಂಪ್ಯೂಟರ್ ಬಲ್ಲ ಮೊಮ್ಮಗನಿಗಿಂತ ಸಂಗೀತ ಪಾಠ ಹೇಳಿಸಿಕೊಂಡ ಅಜ್ಜಿಯೇ ದೊಡ್ಡ ತಂತ್ರಜ್ಞೆ.

ಹಿಡಿದ ಧ್ವನಿಯನ್ನು ಯಾವ ರೂಪದಲ್ಲಿ ಇಡಬೇಕು? ಸಿ.ಡಿ. ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ ತೆಗೆಯುತ್ತದೆ, ಎರಡು ಕಿವಿಗೂ ಬೇರೆ ಬೇರೆಯಾಗಿ. ಹಾಗೇ ಇಟ್ಟರೆ ಗಂಟೆಗೆ ಸುಮಾರು 635 ಮೆಗಾಬೈಟ್. ಎಂಪಿ3 ಕಿವಿಗೆ ಕೇಳಿಸದ್ದನ್ನು ಎಸೆದು ಅದನ್ನು ಹತ್ತನೇ ಒಂದರಷ್ಟಕ್ಕೆ ಇಳಿಸುತ್ತದೆ. ಎಸೆದದ್ದು ಮತ್ತೆ ಸಿಗುವುದಿಲ್ಲ. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ಇನ್ನೊಂದು ರೂಪವಿದೆ. ಅದು ಏನನ್ನೂ ಎಸೆಯದೆ ಮಡಚಿ ಇಡುತ್ತದೆ, ಬಿಡಿಸಿದಾಗ ಒಂದು ಬಿಟ್ಟೂ ವ್ಯತ್ಯಾಸವಿಲ್ಲದೆ ಮೂಲವೇ ಬರುತ್ತದೆ. ಗಾತ್ರ ಸರಿಸುಮಾರು ಅರ್ಧ. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಎರಡೂವರೆ ಸಾವಿರ ಗಂಟೆಗೂ ಹೆಚ್ಚು ಸಂಗೀತ ಹಿಡಿಯುತ್ತದೆ. ದಿನಕ್ಕೆರಡು ಗಂಟೆ ಕೇಳಿದರೂ ಮೂರು ವರ್ಷ ದಾಟುತ್ತದೆ.

ಒಳ್ಳೆಯ ದರ್ಜೆಯ ಎಂಪಿ3ಗೂ ಫ್ಲ್ಯಾಕಿಗೂ ಇರುವ ವ್ಯತ್ಯಾಸವನ್ನು ಕಣ್ಣು ಮುಚ್ಚಿ ಹೇಳಬಲ್ಲೆ ಎನ್ನುವವರನ್ನು ನಾನು ಗೌರವದಿಂದಲೇ ಅನುಮಾನಿಸುತ್ತೇನೆ. ಫ್ಲ್ಯಾಕ್ ಬೇಕೆನ್ನುವುದಕ್ಕೆ ನನ್ನ ಕಾರಣಗಳು ಬೇರೆ. ಮುಂದೆ ಯಾವ ಹೊಸ ರೂಪ ಬಂದರೂ ಇದರಿಂದ ಅದಕ್ಕೆ ನಷ್ಟವಿಲ್ಲದೆ ಬದಲಾಯಿಸಿಕೊಳ್ಳಬಹುದು ಎಂಬುದು ಒಂದು. ಇನ್ನೊಂದು ನಮ್ಮ ಸಂಗೀತಕ್ಕೇ ಸಂಬಂಧಿಸಿದ್ದು. ಹಿಂದುಸ್ತಾನಿ ಖಯಾಲಿನ ಸಿ.ಡಿ.ಗಳಲ್ಲಿ ವಿಲಂಬಿತವನ್ನೂ ದ್ರುತವನ್ನೂ ಎರಡು ಟ್ರ್ಯಾಕ್ ಮಾಡಿರುತ್ತಾರೆ. ಗಾಯನ ನಿಂತಿರುವುದಿಲ್ಲ, ತಂಬೂರಿ ಹರಿಯುತ್ತಲೇ ಇರುತ್ತದೆ. ಎಂಪಿ3 ಧ್ವನಿಯನ್ನು 1,152 ಅಳತೆಗಳ ತುಂಡುಗಳಾಗಿಯೇ ಕಟ್ಟಬೇಕು. ಹಾಡು ಆ ಲೆಕ್ಕಕ್ಕೆ ಸರಿಯಾಗಿ ಮುಗಿಯದಿದ್ದರೆ ಉಳಿದ ಜಾಗಕ್ಕೆ ಮೌನ ತುಂಬುತ್ತದೆ. ಆರಂಭದಲ್ಲೂ ಚೂರು ಮೌನ ಸೇರಿಸುತ್ತದೆ. ಸಿನಿಮಾ ಹಾಡಿನ ನಡುವೆ ಇದು ಯಾರಿಗೂ ತಿಳಿಯುವುದಿಲ್ಲ. ತಂಬೂರಿಯ ನಾದದಲ್ಲಿ ಮಾತ್ರ ಕಣ್ಣಿಗೆ ಧೂಳು ಬಿದ್ದ ಹಾಗಾಗುತ್ತದೆ. ರಾಗದೊಳಗೆ ಮುಳುಗಿದ್ದವರು ಥಟ್ಟನೆ ತಲೆ ಎತ್ತುತ್ತಾರೆ. ಫ್ಲ್ಯಾಕಿನಲ್ಲಿ ಈ ತೇಪೆ ಇಲ್ಲ. ಆದರೂ ಸ್ಪೀಕರಿನ ತಂತ್ರಾಂಶ ಒಂದು ಫೈಲ್ ಮುಗಿಯುವ ಮೊದಲೇ ಮುಂದಿನದನ್ನು ತೆರೆದಿಟ್ಟುಕೊಳ್ಳಬೇಕು. ಎಷ್ಟೋ ಅಗ್ಗದ ಸ್ಪೀಕರುಗಳು ಇದನ್ನು ಮಾಡುವುದಿಲ್ಲ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಇಂಥ ಒಂದು ಖಯಾಲನ್ನು ಹಾಕಿ ನೋಡಿ. ಅಂಗಡಿಯವನು ಗಡಗಡ ಗುಡುಗುವ ಹಾಡನ್ನೇ ಹಾಕಿ ತೋರಿಸುತ್ತಾನೆ, ಅದರಲ್ಲಿ ಏನೂ ಗೊತ್ತಾಗುವುದಿಲ್ಲ.

ತಾಳಮದ್ದಳೆಗೆ ಇಷ್ಟೆಲ್ಲ ಬೇಕಿಲ್ಲ. ಮಾತು ಸ್ಪಷ್ಟವಾಗಿ ಕೇಳಿದರೆ ಆಯಿತು, ಸಾಧಾರಣ ಎಂಪಿ3 ಧಾರಾಳ.

ಇನ್ನು ಹೆಸರಿಡುವ ಕೆಲಸ. ಸ್ಪೀಕರಿಗೆ ಹಾಡು ಕಳಿಸುವ ತಂತ್ರಾಂಶ ಫೈಲಿನೊಳಗೆ ಬರೆದಿಟ್ಟ ಚೀಟಿಯನ್ನು ಓದಿ ಪಟ್ಟಿ ಮಾಡುತ್ತದೆ. ಆ ಚೀಟಿಯ ನಮೂನೆ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಪಾಶ್ಚಾತ್ಯ ಪಾಪ್ ಹಾಡು: ಒಬ್ಬ ಕಲಾವಿದ, ಒಂದು ಆಲ್ಬಂ, ಹನ್ನೆರಡು ಹಾಡು. ಎಂಪಿ3ಯ ಮೊದಲ ನಮೂನೆಯಲ್ಲಿ ಹಾಡಿನ ಹೆಸರಿಗೆ ಕೊಟ್ಟ ಜಾಗ ಬರೀ ಮೂವತ್ತು ಅಕ್ಷರದ್ದು, ಅದೂ ರೋಮನ್ ಲಿಪಿಯ ಅಕ್ಷರದ್ದು. ಅದರೊಳಗೆ ತ್ಯಾಗರಾಜರ ಒಂದು ಕೃತಿಯನ್ನು ಕೂರಿಸಿ ನೋಡಿ. ಕಲಾವಿದರು ಯಾರು, ಬರೆದವರೋ ಹಾಡಿದವರೋ? ಪಿಟೀಲಿನವರು ಎಲ್ಲಿ, ಮೃದಂಗದವರು ಎಲ್ಲಿ? ರಾಗಕ್ಕೆ ಕೋಣೆಯೇ ಇಲ್ಲ, ತಾಳದ ಮಾತಂತೂ ದೂರ.

ಬೇರೆ ಬೇರೆ ಕಡೆಯಿಂದ ಬಂದ ಫೈಲುಗಳಾದರೆ ಇನ್ನೊಂದು ತಮಾಷೆ. ಮಲ್ಲಿಕಾರ್ಜುನ ಮನಸೂರರ ಹೆಸರನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತಾರೆ. ಒಬ್ಬರು ಕೊನೆಗೆ ‘ಎ’ ಸೇರಿಸುತ್ತಾರೆ, ಒಬ್ಬರು ಬಿಡುತ್ತಾರೆ. ಒಬ್ಬರದು ಎರಡು ‘ಓ’, ಮತ್ತೊಬ್ಬರದು ಒಂದು ‘ಯು’. ಒಬ್ಬರು ಮುಂದೆ ಪಂಡಿತ್ ಎಂದು ಬರೆದರೆ ಇನ್ನೊಬ್ಬರು ಅದನ್ನು ತುಂಡರಿಸಿ ಚುಕ್ಕೆ ಇಡುತ್ತಾರೆ. ಯಂತ್ರದ ಪಾಲಿಗೆ ಇವರೆಲ್ಲ ಬೇರೆ ಬೇರೆ ಗಾಯಕರು. ಪಿಟೀಲು ಚೌಡಯ್ಯನವರ ಪಾಡೂ ಇದೇ. ಮದ್ದು ಸರಳ: ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದುಬಿಡಿ. ಕನ್ನಡದಲ್ಲಿ ಆ ಹೆಸರುಗಳಿಗೆ ಇಷ್ಟು ವೇಷಗಳಿಲ್ಲ. ಯೂನಿಕೋಡ್ ಕನ್ನಡವನ್ನೇ ಬಳಸಿ. ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ. ಫ್ಲ್ಯಾಕ್ ಫೈಲಿನ ಚೀಟಿಯಲ್ಲಿ ನಮಗೆ ಬೇಕಾದ ಹೊಸ ಕೋಣೆಗಳನ್ನು ನಾವೇ ಕಟ್ಟಿಕೊಳ್ಳಬಹುದು. ಕೋಣೆಯ ಹೆಸರು ರೋಮನ್ ಅಕ್ಷರದಲ್ಲಿರಬೇಕು ಅಷ್ಟೆ, ಒಳಗೆ ತೋಡಿ, ಕಲ್ಯಾಣಿ, ಆದಿತಾಳ ಎಂದು ಕನ್ನಡದಲ್ಲೇ ತುಂಬಬಹುದು. ಎಲ್ಲ ಆ್ಯಪುಗಳೂ ಇದನ್ನು ತೋರಿಸುವುದಿಲ್ಲ. ಹಾಗಾಗಿ ರಾಗವನ್ನು ‘ಪ್ರಕಾರ’ ಎಂಬ ಸಿದ್ಧ ಕೋಣೆಗೂ ಹಾಕಿಡುವುದು ಜಾಣತನ. ಆಗ ಸಂಜೆ ಹೊತ್ತು ಮನೆಯಲ್ಲಿರುವ ಕಲ್ಯಾಣಿಗಳೆಲ್ಲ ಒಂದೇ ಪಟ್ಟಿಯಲ್ಲಿ ಸಾಲಾಗಿ ಬರುತ್ತವೆ. ಯಾವ ಬಾಡಿಗೆ ಸೇವೆಯೂ ಈ ಸುಖವನ್ನು ಸರಿಯಾಗಿ ಕೊಟ್ಟದ್ದನ್ನು ನಾನು ನೋಡಿಲ್ಲ.

ಈ ಕೆಲಸ ಮಾಡದೆ ‘ಷಫಲ್’ ಗುಂಡಿ ಒತ್ತಿದರೆ ರಾತ್ರಿ ಹತ್ತಕ್ಕೆ ಭೈರವ ಬರುತ್ತದೆ, ಅದರ ಬೆನ್ನಿಗೇ ಸುಪ್ರಭಾತ, ಆಮೇಲೆ ರಾವಣನ ಅರ್ಥಗಾರಿಕೆ. ಒಂದೊಂದರ ದನಿ ಒಂದೊಂದು ಮಟ್ಟದಲ್ಲಿ. ದನಿಯ ಮಟ್ಟವನ್ನು ಸಮ ಮಾಡಲು ರಿಪ್ಲೇಗೇನ್ ಎಂಬ ವ್ಯವಸ್ಥೆ ಇದೆ. ಅದು ಹಾಡನ್ನು ಮುಟ್ಟುವುದಿಲ್ಲ, ಎಷ್ಟು ಏರಿಸಬೇಕು ಇಳಿಸಬೇಕು ಎಂಬ ಅಂಕಿಯನ್ನು ಚೀಟಿಯಲ್ಲಿ ಬರೆದಿಡುತ್ತದೆ, ಅಷ್ಟೆ.

ಸಂಗ್ರಹ ಸಿದ್ಧವಾಯಿತು ಎನ್ನಿ. ಈಗ ಅದು ಗಾಳಿಯಲ್ಲಿ ಹೋಗಬೇಕು.

ಬ್ಲೂಟೂತ್ ಎಲ್ಲರಿಗೂ ಗೊತ್ತು. ಅಲ್ಲಿ ಹಾಡನ್ನು ನುಡಿಸುವುದು ಫೋನೇ; ಸ್ಪೀಕರಿಗೆ ತಾನೇನು ನುಡಿಸುತ್ತಿದ್ದೇನೆಂಬ ಅರಿವಿಲ್ಲ. ಫೋನ್ ಫೈಲನ್ನು ಬಿಡಿಸಿ, ಮತ್ತೊಮ್ಮೆ ಹಿಂಡಿ, ಹತ್ತು ಮೀಟರಿನ ಆಸುಪಾಸಿಗೆ ಎಸೆಯುತ್ತದೆ. ಫೋನ್ ಹಿಡಿದು ಹಿತ್ತಲಿಗೆ ಹೋದರೆ ಹಾಡು ತೊದಲುತ್ತದೆ. ಕರೆ ಬಂದರೆ ಕಾಂಬೋಧಿಯ ನಡುವೆ ರಿಂಗಾಗುತ್ತದೆ, ಅತ್ತಿಗೆಯ ಮಾತು ಪಡಸಾಲೆಗೆಲ್ಲ ಕೇಳಿಸುತ್ತದೆ.

ವೈಫೈ ದಾರಿ ಬೇರೆ. ಇಲ್ಲಿ ಕೆಲಸ ಮೂವರ ನಡುವೆ ಹಂಚಿಹೋಗಿದೆ: ಸಂಗ್ರಹವನ್ನು ಇಟ್ಟುಕೊಂಡು ಪಟ್ಟಿ ಮಾಡುವ ಸರ್ವರ್, ಅದನ್ನು ತರಿಸಿಕೊಂಡು ನುಡಿಸುವ ಸ್ಪೀಕರ್, ಇದನ್ನು ಹಾಕು ಎಂದು ಹೇಳುವ ಫೋನ್. ಹೇಳಿದ ಮೇಲೆ ಫೋನನ್ನು ಜೇಬಿಗೆ ಹಾಕಿಕೊಂಡು ಪೇಟೆಗೆ ಹೋದರೂ ಕಛೇರಿ ನಡೆಯುತ್ತಲೇ ಇರುತ್ತದೆ. ಸೋನಿ, ಇಂಟೆಲ್ ಮುಂತಾದ ಕಂಪನಿಗಳು ಸೇರಿ 2003ರಲ್ಲಿ ಆರಂಭಿಸಿದ ಡಿಎಲ್‌ಎನ್‌ಎ ಒಪ್ಪಂದದಲ್ಲಿ ಈ ಮೂರು ಪಾತ್ರಗಳನ್ನು ಬೇರೆಬೇರೆಯಾಗಿಯೇ ಹೇಳಿದ್ದಾರೆ. ಆ್ಯಪಲ್‌ನ ಏರ್‌ಪ್ಲೇ 2004ರಲ್ಲಿ ಏರ್‌ಟ್ಯೂನ್ಸ್ ಎಂಬ ಹೆಸರಲ್ಲಿ ಬಂದದ್ದು. ಅದರಲ್ಲಿ ಹೆಚ್ಚಾಗಿ ಫೋನೋ ಕಂಪ್ಯೂಟರೋ ತಾನೇ ಹಾಡನ್ನು ತಳ್ಳುತ್ತದೆ. ಗೂಗಲ್‌ನ ಕ್ರೋಮ್‌ಕಾಸ್ಟಿನಲ್ಲಿ ಸ್ಪೀಕರ್ ವಿಳಾಸ ಪಡೆದುಕೊಂಡು ತಾನೇ ಹೋಗಿ ತರುತ್ತದೆ.

ಮನೆಯಿಂದ ಹಾಡು ಕಳಿಸುವುದು ನಮ್ಮಲ್ಲಿ ಹೊಸದೇನಲ್ಲ. ಮೈಸೂರಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಆಕಾಶವಾಣಿ ಎಂಬ ಬಾನುಲಿ ಕೇಂದ್ರವನ್ನು ಶುರುಮಾಡಿದರು. ಮನೆಯೊಂದರಿಂದ ಊರಿಗೆ ಹಾಡು ಹೋಗುತ್ತಿತ್ತು. ಈಗಿನದು ಮನೆಯಿಂದ ಅದೇ ಮನೆಗೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಬಾನುಲಿಯನ್ನು ನೂರು ಜನ ಕೇಳಿದರೂ ಲಕ್ಷ ಜನ ಕೇಳಿದರೂ ಪ್ರಸಾರ ಮಾಡುವ ಗೋಪುರಕ್ಕೆ ಹೊರೆ ಒಂದೇ. ಮನೆಯ ವೈಫೈಯಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಸ್ಪೀಕರೂ ತನ್ನ ಪಾಲಿನ ಪ್ರತಿಯನ್ನು ಬೇರೆಯಾಗಿ ಕೇಳಿ ಪಡೆಯುತ್ತದೆ. ಎರಡು ಮೂರು ಸ್ಪೀಕರಿಗೆ ತೊಂದರೆಯಿಲ್ಲ. ಸಿ.ಡಿ. ಮಟ್ಟದ ಧ್ವನಿಗೆ ಸೆಕೆಂಡಿಗೆ ಒಂದೂವರೆ ಮೆಗಾಬಿಟ್ಟೂ ಬೇಡ, ಇವತ್ತಿನ ವೈಫೈಗೆ ಅದು ಲೆಕ್ಕಕ್ಕಿಲ್ಲ.

ಹಾಗಾದರೆ ಹಾಡು ಕೆಲವೊಮ್ಮೆ ತಡೆತಡೆದು ಬರುವುದೇಕೆ? ವೈಫೈಯಲ್ಲಿ ಒಟ್ಟು ವೇಗಕ್ಕೆ ಕೊರತೆಯಿಲ್ಲ, ಅದು ಒಂದೇ ಸಮನೆ ಬರುವುದಿಲ್ಲ ಅಷ್ಟೆ. ಬೆಂಗಳೂರಿನ ಮನೆಗೆ ಕಾವೇರಿ ನೀರು ದಿನಬಿಟ್ಟು ದಿನ ಬಂದರೂ ಮೇಲೆ ಟ್ಯಾಂಕಿದ್ದರೆ ನಲ್ಲಿ ನಿಲ್ಲುವುದಿಲ್ಲವಲ್ಲ, ಹಾಗೆ ಸ್ಪೀಕರೂ ಕೆಲವು ಸೆಕೆಂಡಿನ ಹಾಡನ್ನು ಮುಂಚಿತವಾಗಿ ತುಂಬಿಟ್ಟುಕೊಳ್ಳುತ್ತದೆ. ಟ್ಯಾಂಕು ಚಿಕ್ಕದಾದರೆ ಹಾಡು ಕಡಿಯುತ್ತದೆ, ದೊಡ್ಡದಾದರೆ ಗುಂಡಿ ಒತ್ತಿದ ಮೇಲೆ ಹಾಡು ಶುರುವಾಗಲು ತಡ.

ಎರಡು ಕೋಣೆಯಲ್ಲಿ ಒಂದೇ ಹಾಡು ಬರಬೇಕೆಂದರೆ ವಿಷಯ ಸೂಕ್ಷ್ಮವಾಗುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಎಂದರೆ ಮಿಲಿಸೆಕೆಂಡಿಗೆ ಒಂದು ಅಡಿಗಿಂತ ಕೊಂಚ ಹೆಚ್ಚು. ಹತ್ತಾರು ಮಿಲಿಸೆಕೆಂಡಿನ ಅಂತರವಾದರೆ ಪಡಸಾಲೆಗೂ ಅಡುಗೆಮನೆಗೂ ನಡುವಿನ ಬಾಗಿಲಲ್ಲಿ ನಿಂತವರಿಗೆ ಪ್ರತಿಧ್ವನಿ ಕೇಳುತ್ತದೆ. ಎರಡನ್ನೂ ಒಟ್ಟಿಗೆ ಶುರುಮಾಡಿದರೆ ಸಾಲದೇ ಎಂದರೆ ಸಾಲದು. ಪ್ರತಿ ಸ್ಪೀಕರಿನೊಳಗೂ ಒಂದೊಂದು ಹರಳಿನ ಗಡಿಯಾರ ಇರುತ್ತದೆ. ಎರಡು ಹರಳುಗಳ ನಡುವೆ ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿದೆ ಎಂದುಕೊಳ್ಳಿ. ಕೇಳಲು ಏನೂ ಅಲ್ಲ, ಆದರೆ ಒಂದು ಗಂಟೆಯ ರಾಗ-ತಾನ-ಪಲ್ಲವಿ ಮುಗಿಯುವ ಹೊತ್ತಿಗೆ ಅದು 180 ಮಿಲಿಸೆಕೆಂಡಾಗಿರುತ್ತದೆ. ಅಡುಗೆಮನೆಯ ಮೃದಂಗ ಪಡಸಾಲೆಯ ಮೃದಂಗಕ್ಕೆ ತಾಳ ತಪ್ಪಿಸುತ್ತದೆ. ಅದಕ್ಕೇ ಒಳ್ಳೆಯ ವ್ಯವಸ್ಥೆಗಳಲ್ಲಿ ಸ್ಪೀಕರುಗಳು ಹೊತ್ತು ಹೊತ್ತಿಗೆ ಪರಸ್ಪರ ಸಮಯ ಕೇಳಿಕೊಂಡು, ಯಾರ ಕಿವಿಗೂ ತಿಳಿಯದ ಹಾಗೆ ಕೂದಲೆಳೆಯಷ್ಟು ಬೇಗವೋ ನಿಧಾನವೋ ಆಗುತ್ತಿರುತ್ತವೆ. ಈ ವಿದ್ಯೆ ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುವುದಿಲ್ಲ. ಬೇರೆ ಬೇರೆ ಕಂಪನಿಯ ಎರಡು ಸ್ಪೀಕರನ್ನು ತಂದು ಜೋಡಿಸುತ್ತೇನೆ ಎನ್ನುವವರು, ಎರಡೂ ಏರ್‌ಪ್ಲೇ 2 ಥರದ ಒಂದೇ ಭಾಷೆ ಬಲ್ಲವೇ ಎಂದು ನೋಡಿಕೊಳ್ಳಬೇಕು.

ಸರ್ವರ್ ಆನ್ ಆಗಿದೆ, ಸ್ಪೀಕರ್ ಆನ್ ಆಗಿದೆ, ಆದರೂ ಫೋನಿಗೆ ಸ್ಪೀಕರ್ ಕಾಣುವುದಿಲ್ಲ. ಈ ದೂರು ನಮ್ಮ ಮನೆಗಳಲ್ಲಿ ಬಹಳ. ಹತ್ತರಲ್ಲಿ ಎಂಟು ಕಡೆ ಸ್ಪೀಕರಿನದೇನೂ ತಪ್ಪಿರುವುದಿಲ್ಲ ಎಂಬುದು ನನ್ನ ಅಂದಾಜು. ಬ್ರಾಡ್‌ಬ್ಯಾಂಡಿನವರು ಗೋಡೆಗೆ ಒಂದು ಡಬ್ಬಿ ಹೊಡೆದು ಹೋಗಿರುತ್ತಾರೆ, ಅದೂ ವೈಫೈ ಕೊಡುತ್ತದೆ. ಸಿಗ್ನಲ್ ಸಾಲದೆಂದು ಮನೆಯವರು ಇನ್ನೊಂದು ರೂಟರ್ ತಂದು ಅದಕ್ಕೆ ಸಿಕ್ಕಿಸಿರುತ್ತಾರೆ. ಈಗ ಮನೆಯಲ್ಲಿ ಎರಡು ಜಾಲ. ‘ಯಾರಾದರೂ ಸ್ಪೀಕರ್ ಇದ್ದೀರಾ’ ಎಂದು ಫೋನ್ ಕೂಗುವ ಕೂಗು ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಎರಡನೆಯ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಸ್ಥಿತಿಗೆ ಬದಲಾಯಿಸಿದರೆ ಎರಡೂ ಒಂದಾಗುತ್ತವೆ. ಸ್ಪೀಕರನ್ನು ‘ಗೆಸ್ಟ್’ ಜಾಲಕ್ಕೆ ಸೇರಿಸಿದ್ದರೂ ಇದೇ ಕಥೆ. ಆ ಜಾಲ ಇರುವುದೇ ಒಬ್ಬರಿಗೊಬ್ಬರು ಕಾಣದಿರಲಿ ಎಂದು. ಕರೆಂಟು ಹೋಗಿ ಬಂದಾಗ ರೂಟರ್ ಸರ್ವರಿಗೆ ಹೊಸ ವಿಳಾಸ ಕೊಟ್ಟುಬಿಡುವುದೂ ಉಂಟು. ರೂಟರಿನಲ್ಲಿ ಆ ವಿಳಾಸವನ್ನು ಕಾಯಂ ಮಾಡಿಡಬೇಕು. ರೂಟರನ್ನೂ ಸರ್ವರನ್ನೂ ಇನ್ವರ್ಟರಿನ ಪಾಯಿಂಟಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಹಳೆಯ ತೊಟ್ಟಿಮನೆಗಳ ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ದಾಟಲಾರದು. ಅಲ್ಲಿ ವೇಗ ಕಡಿಮೆಯಾದರೂ 2.4 ಗಿಗಾಹರ್ಟ್ಸೇ ವಾಸಿ.

ಈಗ ಸ್ಪೀಕರಿಗೆ ಬರುತ್ತೇನೆ. ಸ್ಪೀಕರು ಕೊನೆಗೆ ಎಂದು ಮೊದಲೇ ಹೇಳಿದ್ದೆನಲ್ಲ, ಅದಕ್ಕೆ ಕಾರಣ ಈ ವಸ್ತುಗಳ ಇತಿಹಾಸದಲ್ಲೇ ಇದೆ.

ಗೂಗಲ್ 2015ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೊ ಎಂಬ ಬಿಲ್ಲೆಯಷ್ಟು ಚಿಕ್ಕ ಉಪಕರಣವನ್ನು ತಂದಿತು. ಯಾವ ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿದರೂ ಅದು ವೈಫೈ ಕಲಿಯುತ್ತಿತ್ತು. ಅಗ್ಗ, ಒಳ್ಳೆಯ ವಸ್ತು. 2019ರ ಹೊತ್ತಿಗೆ ತಯಾರಿಕೆ ನಿಂತಿತು. ಕೊಂಡವರು ಬಳಸುತ್ತಲೇ ಇದ್ದರು. 2025ರ ಮಾರ್ಚಿನಲ್ಲಿ ಒಂದು ದಿನ ಲೋಕದಲ್ಲೆಲ್ಲ ಅವು ಒಟ್ಟಿಗೆ ಸ್ತಬ್ಧವಾದವು. ಒಳಗೆ ಅಡಕವಾಗಿದ್ದ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ತೀರಿತ್ತು. ಗೂಗಲ್ ಆಮೇಲೆ ಸರಿಪಡಿಸಿತು, ಒಪ್ಪಿಕೊಳ್ಳೋಣ. ಆದರೆ ನೋಡಿ: ನನ್ನ ಡಿಸ್ಕು, ನನ್ನ ಹಾಡು, ನನ್ನ ವೈಫೈ, ನನ್ನ ಆಂಪ್ಲಿಫೈಯರು, ಎಲ್ಲೋ ಒಂದು ದಿನಾಂಕ ದಾಟಿತೆಂದು ಹಾಡು ನಿಲ್ಲುತ್ತದೆ. ದುಬಾರಿ ಕಂಪನಿಗಳೂ ಇದಕ್ಕೆ ಹೊರತಲ್ಲ. ಮನೆತುಂಬ ಸಂಗೀತ ಎಂಬ ಕಲ್ಪನೆಯನ್ನು ಜನಪ್ರಿಯಗೊಳಿಸಿದ ಸೋನೋಸ್ 2024ರ ಮೇ ತಿಂಗಳಲ್ಲಿ ಹೊಸ ಆ್ಯಪ್ ತಂದಾಗ, ಮನೆಯ ಸ್ವಂತ ಸಂಗ್ರಹದೊಳಗೆ ಹುಡುಕುವುದೂ ಸೇರಿದಂತೆ ಹಲವು ಸೌಲಭ್ಯಗಳು ಅದರಲ್ಲಿ ಇರಲೇ ಇಲ್ಲ. ಮುಖ್ಯಸ್ಥರು ಕ್ಷಮೆ ಕೇಳಿದರು. 2025ರ ಜನವರಿಯಲ್ಲಿ ಹುದ್ದೆಯನ್ನೂ ಬಿಟ್ಟರು.

ಇದಕ್ಕೆ ಎದುರಾಗಿ ಇನ್ನೊಂದು ಕಥೆಯಿದೆ. 2003ರಲ್ಲಿ ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಅಮೆರಿಕನ್ ಕಂಪನಿ ಸ್ಕ್ವೀಜ್‌ಬಾಕ್ಸ್ ಎಂಬ ಪೆಟ್ಟಿಗೆ ಮಾಡಿತು. ಅದರ ಕೆಲಸವೇ ಮನೆಯ ಕಂಪ್ಯೂಟರಿನಲ್ಲಿರುವ ಹಾಡನ್ನು ತರಿಸಿ ನುಡಿಸುವುದು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು, 2012ರಲ್ಲಿ ಪೆಟ್ಟಿಗೆಯನ್ನು ನಿಲ್ಲಿಸಿತು, 2024ರಲ್ಲಿ ಅದರ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಆದರೂ ಆ ಪೆಟ್ಟಿಗೆಗಳು ಇಂದಿಗೂ ಹಾಡುತ್ತಿವೆ. ಕಾರಣ, ಸರ್ವರಿನ ತಂತ್ರಾಂಶ ಮೊದಲಿನಿಂದಲೂ ಎಲ್ಲರಿಗೂ ತೆರೆದದ್ದಾಗಿತ್ತು. ಬಳಕೆದಾರರೇ ಅದನ್ನು ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಹೊಸ ಹೆಸರಲ್ಲಿ ನಡೆಸಿಕೊಂಡು ಬರುತ್ತಿದ್ದಾರೆ. ಕಂಪನಿ ಹೋದರೂ ವಿದ್ಯೆ ಮನೆಯಲ್ಲೇ ಉಳಿಯಿತು.

ಆದ್ದರಿಂದ ನನ್ನ ಸಲಹೆ ಹೀಗೆ. ದುಡ್ಡು ಸ್ಪೀಕರಿಗೆ ಹಾಕಿ, ನಂಬಿಕೆ ಫೈಲಿನ ಮೇಲಿಡಿ. ಸಂಗ್ರಹ ಸಾದಾ ಫೋಲ್ಡರುಗಳಲ್ಲಿರಲಿ. ಯಾವ ಆ್ಯಪೂ ಇಲ್ಲದೆ ತೆರೆಯುವ ಹಾಗಿರಲಿ. ಇಂಟರ್‌ನೆಟ್ ತಂತಿ ಕಿತ್ತು ನೋಡಿ, ಆಗಲೂ ಹಾಡು ಬಂದರೆ ವ್ಯವಸ್ಥೆ ನಿಮ್ಮದು. ಸರ್ವರಿಗೆ ದೊಡ್ಡ ಕಂಪ್ಯೂಟರ್ ಬೇಡ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಿರು ಕಂಪ್ಯೂಟರಿಗೆ ಒಂದು ಡಿಸ್ಕು ಜೋಡಿಸಿದರೆ ಸಾಕು. ಐದು ವಾಟ್ ಎಂದು ಹಿಡಿದರೂ ದಿನವಿಡೀ ನಡೆದರೆ ತಿಂಗಳಿಗೆ ನಾಲ್ಕು ಯೂನಿಟ್ಟೂ ಆಗುವುದಿಲ್ಲ. ಹಾಡನ್ನು ಅದರ ಮೆಮೊರಿ ಕಾರ್ಡಿನಲ್ಲಿ ಇಡಬೇಡಿ, ಕರೆಂಟಿನ ಆಟಕ್ಕೆ ಆ ಕಾರ್ಡುಗಳು ಬೇಗ ಕೆಡುತ್ತವೆ. ಇಡೀ ಸಂಗ್ರಹದ ಇನ್ನೊಂದು ಪ್ರತಿ ಇನ್ನೊಂದು ಮನೆಯಲ್ಲಿರಲಿ, ತಂಗಿಯ ಮನೆಯಾದರೂ ಆದೀತು. ಅವರೂ ಕೇಳಿದರೆ ಪ್ರತಿ ಕೆಟ್ಟಿಲ್ಲವೆಂಬುದೂ ಗೊತ್ತಾಗುತ್ತದೆ.

ಹೊಸ ಸ್ಪೀಕರ್ ಕೊಳ್ಳಲೇಬೇಕೆಂದೂ ಇಲ್ಲ. ಮನೆಯಲ್ಲಿ ಹಳೆಯ ಆಂಪ್ಲಿಫೈಯರ್ ಇದ್ದರೆ ಇನ್ನೊಂದು ಪೈಗೆ ಧ್ವನಿಯ ಚಿಕ್ಕ ಬೋರ್ಡ್ ಕೂರಿಸಿ ‘ಆಕ್ಸ್’ಗೆ ಕೊಡಿ. ತಾತನ ಕಾಲದ ವಾಲ್ವ್ ರೇಡಿಯೋಗಳಲ್ಲಿ ಎಷ್ಟೋ ಸೆಟ್ಟುಗಳ ಹಿಂಬದಿಯಲ್ಲಿ ಗ್ರಾಮಫೋನ್ ಪಿಕಪ್ಪಿಗೆಂದು ಎರಡು ತೂತುಗಳಿರುತ್ತವೆ. ಅಲ್ಲಿಂದಲೂ ಹಾಡಿಸಬಹುದು, ಆ ಮರದ ಪೆಟ್ಟಿಗೆಯ ಗಂಭೀರ ದನಿಗೆ ದಾಸರ ಪದ ಬಹಳ ಒಪ್ಪುತ್ತದೆ. ಆದರೆ ಅಂಥ ಕೆಲವು ಸೆಟ್ಟುಗಳಲ್ಲಿ ಒಳಗಿನ ಲೋಹದ ಚೌಕಟ್ಟಿಗೇ ಮೇನ್ಸ್ ಕರೆಂಟು ತಾಗಿರುತ್ತದೆ. ಬಲ್ಲ ಮೆಕ್ಯಾನಿಕ್ಕಿಗೆ ತೋರಿಸದೆ ಕೈಹಾಕಬೇಡಿ.

ಮನೆಯ ಹಿರಿಯರಿಗೆ ಫೋನಿನ ಆ್ಯಪು ಕಿರಿಕಿರಿ. ಲಿರಿಯನ್ ಥರದ ಸರ್ವರಿನಲ್ಲಿ ಅಲಾರಾಂ ಇದೆ. ಐದೂವರೆಗೆ ಸುಪ್ರಭಾತ ಎಂದು ಒಮ್ಮೆ ಹೇಳಿಟ್ಟರೆ ಆಯಿತು. ಆಕಾಶವಾಣಿಯ ನೇರ ಪ್ರಸಾರವನ್ನೂ ಅದೇ ಪಟ್ಟಿಗೆ ಸೇರಿಸಿಡಬಹುದು. ಇದಕ್ಕೊಂದಕ್ಕೆ ಮಾತ್ರ ಇಂಟರ್‌ನೆಟ್ ಬೇಕು. ಇಂಟರ್‌ನೆಟ್ಟಿನಲ್ಲಿ ಬರುವ ಬಾನುಲಿ ನಿಜವಾದ ಬಾನುಲಿಗಿಂತ ಹಲವು ಸೆಕೆಂಡು ಹಿಂದಿರುತ್ತದೆ. ವಾರ್ತೆಯ ಮುಂಚಿನ ಪಿಪ್ ಪಿಪ್ ಕೇಳಿ ಗಡಿಯಾರದ ಹೊತ್ತು ಸರಿಮಾಡಿಕೊಳ್ಳುವ ಅಭ್ಯಾಸ ಇರುವವರು ಹಳೆಯ ಟ್ರಾನ್ಸಿಸ್ಟರನ್ನೇ ಇಟ್ಟುಕೊಳ್ಳಿ, ಬ್ಯಾಟರಿ ಬದಲಾಯಿಸಿ.